ಬೆಳಗ್ಗೆ ಟಿಕ್ ಟಿಕ್, ಬಿಸಿಯಾದ ಮೇಲೆ ಸದ್ದಿಲ್ಲ: ಟ್ಯಾಪೆಟ್ಟಾ, ಬೇರೆ ಏನಾದ್ರೂನಾ?

ಗುಬ್ಬಿಗೇಟ್ (ತುಮಕೂರು), ಶುಕ್ರವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನನ್ನದು 2013ರ ಪೆಟ್ರೋಲ್ ಕಾರು, 1.2 ಲೀಟರ್, ನಾಲ್ಕು ಸಿಲಿಂಡರ್. 94,000 ಕಿ.ಮೀ. ಓಡಿದೆ. ದಿನಾ ದಾಬಸ್‌ಪೇಟೆಗೆ ಕೆಲಸಕ್ಕೆ ಹೋಗಿ ಬರುತ್ತೇನೆ.

ಮೂರು ವಾರದಿಂದ ಎಂಜಿನ್ನಿನಲ್ಲಿ ಟಿಕ್ ಟಿಕ್ ಅಂತ ಸದ್ದು. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಜೋರಾಗಿರುತ್ತದೆ. ಬಟವಾಡಿ ದಾಟುವಷ್ಟರಲ್ಲಿ ಅರ್ಧ ಕಡಿಮೆಯಾಗಿರುತ್ತದೆ. ಕ್ಯಾತ್ಸಂದ್ರ ಟೋಲ್ ಹತ್ತಿರ ಕಿಟಕಿ ಇಳಿಸಿದರೆ ಕೇಳಿಸುವುದೇ ಇಲ್ಲ. ಅಮ್ಮ ಒಂದು ದಿನ ಪಕ್ಕದಲ್ಲಿ ಕೂತಿದ್ದರು, "ಒಳಗೆ ಹಲ್ಲಿ ಲೊಚಗುಟ್ಟುತ್ತಿದೆ ನೋಡೋ" ಎಂದರು. ನಿಜಕ್ಕೂ ಹಾಗೇ ಇದೆ.

ಮೊನ್ನೆ ಕೆಲಸ ಮುಗಿಸಿ ಬರುವಾಗ ಸಂಜೆ ಒಂದು ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಎತ್ತಿ ಎರಡು ನಿಮಿಷ ಕಿವಿ ಕೊಟ್ಟು "ಟ್ಯಾಪೆಟ್ ಹೋಗಿದೆ, ಹೆಡ್ ಇಳಿಸಬೇಕು, 32 ಸಾವಿರ ಆಗುತ್ತದೆ" ಎಂದರು. ಟ್ಯಾಪೆಟ್ ಅಂದರೆ ಎಂಜಿನ್ನಿಗೆ ಗಾಳಿ, ಹೊಗೆ ಬಿಡುವ ವಾಲ್ವುಗಳನ್ನು ಒತ್ತಿ ತೆರೆಯುವ ಭಾಗವಂತೆ, ಹೆಡ್ ಅಂದರೆ ಎಂಜಿನ್ನಿನ ಮೇಲಿನ ಭಾಗ. ಕಾರು ಮಾರಿದರೇ ಎರಡು ಲಕ್ಷ ಬರುವುದು ಕಷ್ಟ. ಏನು ಮಾಡಲಿ?

ಶಿರಾ ಕಡ್ಲೆಕಾಯಿ, ಶುಕ್ರವಾರ ರಾತ್ರಿ 9.52

ಹಲ್ಲಿ ಯಾವ ದಿಕ್ಕಿನಲ್ಲಿ ಲೊಚಗುಟ್ಟಿತು ಅಂತ ಮೊದಲು ಹೇಳಿ ಗುರು. ಪಂಚಾಂಗದಲ್ಲಿ ಫಲ ಇರುತ್ತದೆ.

ಹಳೇ ಸ್ಪಾನರ್, ಶುಕ್ರವಾರ ರಾತ್ರಿ 10.20

ಅಂತರಸನಹಳ್ಳಿ ಕಡೆ ಮೂವತ್ತು ವರ್ಷ ಗ್ಯಾರೇಜ್ ನಡೆಸಿದವನು ನಾನು. ಈಗ ಮಂಡಿ ನೋವು, ಅಂಗಡಿ ಇಲ್ಲ. ಬಾಯಿ ಮಾತ್ರ ಇದೆ.

ಒಂದು ವಿಷಯ ಅರ್ಥವಾಗಲಿಲ್ಲ. ದಾಬಸ್‌ಪೇಟೆಯಿಂದ ಓಡಿಸಿಕೊಂಡು ಬಂದು ಸಂಜೆ ತೋರಿಸಿದೆ ಎನ್ನುತ್ತೀರಿ. ಬಿಸಿಯಾದ ಮೇಲೆ ಸದ್ದೇ ಇರುವುದಿಲ್ಲ ಎಂದೂ ಹೇಳುತ್ತೀರಿ. ಹಾಗಾದರೆ ಅವರು ಬಾನೆಟ್ ಎತ್ತಿ ಕೇಳಿದ್ದೇನು? ಇಲ್ಲದ ಸದ್ದಿಗೆ 32 ಸಾವಿರದ ಲೆಕ್ಕ ಹೇಗೆ ಬಂತು?

ಇನ್ನೊಂದು ಮಾತು. ಟ್ಯಾಪೆಟ್ ನೋಡುವುದಕ್ಕೆ ಹೆಡ್ ಇಳಿಸಬೇಕಾಗಿಲ್ಲ. ಮೇಲಿನ ಟ್ಯಾಪೆಟ್ ಕವರ್ ಬಿಚ್ಚಿ ಫೀಲರ್ ಗೇಜ್ ಹಾಕಿದರೆ ಯಾವ ವಾಲ್ವಿನ ಗ್ಯಾಪ್ ಎಷ್ಟಿದೆ ಅಂತ ಗೊತ್ತಾಗುತ್ತದೆ. ಹೆಡ್ ಇಳಿಸುವುದು ಆಮೇಲಿನ ಮಾತು.

ನಾಳೆ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಡಿಪ್‌ಸ್ಟಿಕ್ ನೋಡಿ. ಗಾಡಿ ಸಮತಟ್ಟು ಜಾಗದಲ್ಲಿ ನಿಂತಿರಲಿ. ಕಡ್ಡಿ ಎಳೆದು, ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಬೇಕು. ಮೊದಲ ಸಲ ಬಂದದ್ದನ್ನು ನಂಬಬೇಡಿ.

ಕೆಂಪು ಆಯಿಲ್ ಲೈಟ್ ಬಂದಿಲ್ಲವಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಅದು ಆಯಿಲ್ ಎಷ್ಟಿದೆ ಅಂತ ಹೇಳುವ ಲೈಟ್ ಅಲ್ಲ, ಪ್ರೆಶರ್ ಬಿದ್ದುಹೋದಾಗ ಹತ್ತುವ ಲೈಟ್. ಅದು ಹತ್ತಿದರೆ ಅಲ್ಲೇ ಎಂಜಿನ್ ಆಫ್ ಮಾಡಬೇಕು, ಮನೆ ತನಕ ಹೋಗೋಣ ಎನ್ನಬಾರದು.

ಕೆಜಿಎಫ್ ಡೀಸೆಲ್, ಶುಕ್ರವಾರ ರಾತ್ರಿ 10.45

ಸುಮ್ನೆ ಯಾಕೆ ತಲೆಬಿಸಿ. ಆಯಿಲ್ ಬದಲಾಯಿಸಿ ದಪ್ಪನೆಯ 20ಡಬ್ಲ್ಯೂ-50 ಹಾಕಿ, ಜೊತೆಗೆ ಒಂದು ಡಬ್ಬಿ ಅಡಿಟಿವ್ ಸುರಿಯಿರಿ. ನಮ್ಮ ಹಳೇ ಜೀಪಿಗೆ ಅದನ್ನೇ ಮಾಡಿದ್ದು. ಸದ್ದು ಮಂಗಮಾಯ.

ಗುಬ್ಬಿಗೇಟ್, ಶನಿವಾರ ಬೆಳಗ್ಗೆ 7.35

ಸ್ಪಾನರ್ ಸಾರ್, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕಡ್ಡಿಯ ತುದಿಯಲ್ಲಿ ಮಾತ್ರ ಆಯಿಲ್ ಅಂಟಿತ್ತು. ಕೆಳಗಿನ ಗೆರೆಗಿಂತಲೂ ಕೆಳಗೆ. ಸರ್ವಿಸ್ ಮಾಡಿಸಿ ಏಳು ತಿಂಗಳಾಗಿದೆ, ಮಧ್ಯೆ ಒಂದು ಸಲವೂ ನೋಡಿಲ್ಲ. ಮೊದಲು ಹಾಕಿದ್ದ 5ಡಬ್ಲ್ಯೂ-30 ಆಯಿಲನ್ನೇ ತಂದು ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದೆ. ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿಯೇ ಹಿಡಿಯಿತು.

ಸ್ಟಾರ್ಟ್ ಮಾಡಿದಾಗ ಮೊದಲ ಒಂದೆರಡು ಸೆಕೆಂಡ್ ಬರುತ್ತಿದ್ದ ಕಟಕಟ ಈಗ ಇಲ್ಲ. ಆದರೆ ಹಲ್ಲಿ ಹಾಗೇ ಇದೆ.

ಹಳೇ ಸ್ಪಾನರ್, ಶನಿವಾರ ಬೆಳಗ್ಗೆ 8.15

ಹಲ್ಲಿ ಸಿಗುತ್ತದೋ ಇಲ್ಲವೋ, ನಿಮ್ಮ ಎಂಜಿನ್ ಉಳಿಯಿತು. ಅಷ್ಟು ಕಡಿಮೆ ಆಯಿಲ್‌ನಲ್ಲಿ ಇನ್ನೊಂದು ತಿಂಗಳು ಹೈವೇಯಲ್ಲಿ ಓಡಿಸಿದ್ದರೆ ಬೇರಿಂಗ್ ಕಥೆ ಮುಗಿಯುತ್ತಿತ್ತು. ಇನ್ನು ಮೇಲೆ ಹದಿನೈದು ದಿನಕ್ಕೊಮ್ಮೆ ಕಡ್ಡಿ ನೋಡಿ.

ಕೆಜಿಎಫ್ ತಮ್ಮಾ, ಜೀಪಿನ ಲೆಕ್ಕ ಬೇರೆ. ಈಗಿನ ಎಂಜಿನ್ನಿನಲ್ಲಿ ಆಯಿಲ್ ಹೋಗುವ ದಾರಿಗಳು ಸಣ್ಣ. ದಪ್ಪ ಆಯಿಲ್ ಬೆಳಗಿನ ಚಳಿಯಲ್ಲಿ ಮೇಲೆ ವಾಲ್ವುಗಳನ್ನು ಆಡಿಸುವ ಕ್ಯಾಮ್ ತನಕ ಹತ್ತುವುದು ನಿಧಾನ. ಸದ್ದು ಕಡಿಮೆಯಾದರೂ ಅದು ರೋಗ ವಾಸಿಯಾಗಿದ್ದಲ್ಲ, ಕಂಬಳಿ ಹೊದಿಸಿದ್ದು. ಕಂಪನಿ ಪುಸ್ತಕದಲ್ಲಿ ಏನಿದೆಯೋ ಅದೇ ಹಾಕಬೇಕು.

ಗುಬ್ಬಿಗೇಟ್ ಅವರೇ, ನಾಳೆ ಒಂದು ಕೆಲಸ ಮಾಡಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಐಡ್ಲಿಂಗ್ ನಿಮಿಷಕ್ಕೆ 800 ಸುತ್ತಿಗೆ ಇಳಿದ ಮೇಲೆ ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿ. ಆಮೇಲೆ ಕಾಲು ಪಟ್ಟು ವೇಗದಲ್ಲಿ ಹಾಕಿ ಟಿಕ್‌ಗಳನ್ನು ಎಣಿಸಿ. ಅಸಲು ಹತ್ತು ಸೆಕೆಂಡಿಗೆ (ನಿಧಾನ ಮಾಡಿದ್ದರಲ್ಲಿ ನಲವತ್ತು) ಎಷ್ಟು ಅಂತ ಹೇಳಿ. ನಮ್ಮ ಕಾಲದಲ್ಲಿ ಮೊಬೈಲ್ ಇರಲಿಲ್ಲ, ಬೆರಳಲ್ಲಿ ಬಾನೆಟ್ ತಟ್ಟಿ ಅಂದಾಜು ಮಾಡುತ್ತಿದ್ದೆವು.

ನಂದಿ ತಪ್ಪಲು (ಚಿಕ್ಕಬಳ್ಳಾಪುರ), ಶನಿವಾರ ಬೆಳಗ್ಗೆ 11.05

ಟ್ಯಾಪೆಟ್ ಸೆಟ್ಟಿಂಗ್ ಮಾಡಿಸುವವರು ನನ್ನ ಕಥೆಯನ್ನೂ ಕೇಳಿ. ನಂದು ಬಾಡಿಗೆ ಗಾಡಿ, ಸಿಎನ್‌ಜಿ. ಸ್ಕ್ರೂ ತಿರುಗಿಸಿ ಗ್ಯಾಪ್ ಹೊಂದಿಸುವ ಟ್ಯಾಪೆಟ್. ಕಟಕಟ ಸದ್ದು ಅಂತ ಒಬ್ಬರ ಹತ್ತಿರ ಬಿಟ್ಟೆ. ವಾಪಸ್ ಕೊಟ್ಟಾಗ ಎಂಜಿನ್ ಬೆಣ್ಣೆ ಹಾಗಿತ್ತು. ಪ್ಯಾಸೆಂಜರ್ ಕೂಡ "ಹೊಸ ಗಾಡಿನಾ ಅಣ್ಣಾ" ಎಂದು ಕೇಳಿದರು. ನಾನು ಖುಷಿಯಾಗಿದ್ದೆ.

ನಾಲ್ಕು ತಿಂಗಳಲ್ಲಿ ನಂದಿ ಬೆಟ್ಟ ಹತ್ತುವಾಗ ಎರಡನೇ ಗೇರಿನಲ್ಲಿ ಏದುಸಿರು ಬಿಡೋಕೆ ಶುರು ಮಾಡಿತು. ಐಡ್ಲಿಂಗ್‌ನಲ್ಲಿ ಮಿಸ್ಸಿಂಗ್. ಬಿಚ್ಚಿ ನೋಡಿದರೆ ಹೊಗೆ ಹೊರಗೆ ಬಿಡುವ ಒಂದು ಎಕ್ಸಾಸ್ಟ್ ವಾಲ್ವ್ ಅಂಚು ಸುಟ್ಟು ಹೋಗಿದೆ. ಆಗಿದ್ದೇನು ಅಂದರೆ, ಸದ್ದು ಹೋಗಲಿ ಅಂತ ಗ್ಯಾಪನ್ನು ಬೇಕಾದ್ದಕ್ಕಿಂತ ಬಿಗಿ ಮಾಡಿದ್ದರು. ವಾಲ್ವ್ ಬಿಸಿಯಾದಾಗ ಉದ್ದವಾಗುತ್ತದೆ. ಗ್ಯಾಪ್ ಇಲ್ಲದಿದ್ದರೆ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಕೂತರೆ ತಾನೇ ಅದರ ಶಾಖ ಹೆಡ್ಡಿಗೆ ಇಳಿಯುವುದು? ಸಿಎನ್‌ಜಿಯಲ್ಲಂತೂ ಸೀಟು ಸವೆದು ಗ್ಯಾಪ್ ತಾನಾಗಿಯೇ ಕಡಿಮೆಯಾಗುತ್ತಾ ಬರುತ್ತದೆ. ಅಂಥ ಗಾಡಿಯಲ್ಲಿ ಸದ್ದಿಲ್ಲದಿರುವುದೇ ಭಯ.

ಗಾಳಿ ಒಳಗೆ ಬಿಡುವ ಇನ್‌ಟೇಕ್‌ಗಿಂತ ಎಕ್ಸಾಸ್ಟ್ ಗ್ಯಾಪ್ ಜಾಸ್ತಿ ಇಡುವುದು ಅದಕ್ಕೇ. ಒಂದು 0.2 ಮಿ.ಮೀ. ಆಸುಪಾಸು ಇದ್ದರೆ ಇನ್ನೊಂದು 0.3ರ ಹತ್ತಿರ. ಸರಿಯಾದ ಅಂಕಿ ಆಯಾ ಗಾಡಿಯ ಪುಸ್ತಕದಲ್ಲೇ ನೋಡಬೇಕು. ಈಗ ನಾನೇ ಪಕ್ಕದಲ್ಲಿ ನಿಂತು ಗೇಜ್ ಹಾಕಿಸುತ್ತೇನೆ.

ಬಟವಾಡಿ ಅಕ್ಕ, ಶನಿವಾರ ಮಧ್ಯಾಹ್ನ 1.30

ಇದನ್ನೆಲ್ಲ ಓದಿ ನನಗೆ ಹೆದರಿಕೆ ಶುರುವಾಯಿತು. ನನ್ನ ಕಾರಿನಲ್ಲೂ ಎರಡು ದಿನದಿಂದ ಟಿಕ್ ಟಿಕ್ ಇದೆ. ಆಯಿಲ್ ಸರಿ ಇದೆ, ಈಗಷ್ಟೇ ನೋಡಿದೆ. ನನ್ನದೂ ವಾಲ್ವಾ?

ಹಳೇ ಸ್ಪಾನರ್, ಶನಿವಾರ ಮಧ್ಯಾಹ್ನ 1.48

ಗಾಡಿ ನಿಂತಲ್ಲೇ ಇರಲಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಕೊಟ್ಟು ನೋಡಿ ಮೇಡಂ. ಆಗಲೂ ಬರುತ್ತದಾ? ಇಲ್ಲಾ ಗಾಡಿ ಉರುಳಿದರೆ ಮಾತ್ರವಾ? ಅದು ಗೊತ್ತಾಗದೆ ಏನೂ ಹೇಳಲಾಗದು.

ಗುಬ್ಬಿಗೇಟ್, ಶನಿವಾರ ಸಂಜೆ 7.20

ನಾಳೆ ತನಕ ಕಾಯಲು ಆಗಲಿಲ್ಲ. ಮಧ್ಯಾಹ್ನವೆಲ್ಲ ಗಾಡಿ ನಿಂತು ತಣ್ಣಗಾಗಿತ್ತು, ರೆಕಾರ್ಡ್ ಮಾಡಿದೆ. ಮೂರು ಸಲ ಎಣಿಸಿದೆ. ಹತ್ತು ಸೆಕೆಂಡಿಗೆ 66, 67, 67.

ಆಮೇಲೆ ಮನೆಯವರನ್ನು ಕರೆದುಕೊಂಡು ದೇವರಾಯನದುರ್ಗಕ್ಕೆ ಹೋಗಿದ್ದೆ. ಅಲ್ಲೊಂದು ಹೊಸ ವಿಷಯ. ನಾಮದ ಚಿಲುಮೆ ತನಕ ಸದ್ದಿಲ್ಲ. ಬೆಟ್ಟದ ತಿರುವುಗಳಲ್ಲಿ ಎರಡನೇ ಗೇರ್ ಹಾಕಿ ಒತ್ತಿ ಹತ್ತಿಸುವಾಗ ಎಂಜಿನ್ ಬಿಸಿಯಾಗಿದ್ದರೂ ಹಲ್ಲಿ ಮತ್ತೆ ಬಂತು. ರಸ್ತೆ ಪಕ್ಕದ ಬಂಡೆಗೆ ಬಡಿದು ಚೆನ್ನಾಗಿ ಕೇಳಿಸುತ್ತಿತ್ತು. ಕಾಲು ತೆಗೆದರೆ ಇಲ್ಲ. ಇಳಿಯುವಾಗ ಪೂರ್ತಿ ನಿಶ್ಶಬ್ದ.

ಹಳೇ ಸ್ಪಾನರ್, ಶನಿವಾರ ರಾತ್ರಿ 8.30

ಬೆಟ್ಟಕ್ಕೆ ಹೋಗಿದ್ದು ಒಳ್ಳೆಯದಾಯಿತು. ಈಗ ನಿಧಾನವಾಗಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

800 ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ಕ್ರ್ಯಾಂಕ್, ನಿಮಿಷಕ್ಕೆ 800 ಸುತ್ತು. ಕ್ಯಾಮ್ ಅದರ ಅರ್ಧ ತಿರುಗುತ್ತದೆ, 400. ಹತ್ತು ಸೆಕೆಂಡಿಗೆ ಲೆಕ್ಕ ಹಾಕಿದರೆ ಸುಮಾರು 67. ನಿಮ್ಮ ಎಣಿಕೆ ಕ್ಯಾಮ್ ವೇಗಕ್ಕೆ ಕೂತಿತು. ಪಿಸ್ಟನ್ ರಾಡು ಕ್ರ್ಯಾಂಕಿಗೆ ಕೂಡುವ ಕಡೆಯ ಬಿಗ್ ಎಂಡ್ ಬೇರಿಂಗ್ ಹೋಗಿದ್ದರೆ ಸಾಮಾನ್ಯವಾಗಿ ಕ್ರ್ಯಾಂಕ್ ಸುತ್ತಿಗೊಂದು ಹೊಡೆತ ಬರುತ್ತದೆ. ಸದ್ದೂ ಹೀಗೆ ಹಗುರವಾಗಿರುವುದಿಲ್ಲ, ಡಕ್ ಡಕ್ ಅಂತ ಹೊಟ್ಟೆಯೊಳಗಿಂದ ಬರುತ್ತದೆ. ಅದು ಅಲ್ಲ ಅಂದುಕೊಳ್ಳೋಣ.

"ಕ್ಯಾಮ್ ವೇಗ, ಹಾಗಾದರೆ ಟ್ಯಾಪೆಟ್ಟೇ" ಎಂದು ಎಲ್ಲರೂ ಇಲ್ಲಿ ಜಾರಿ ಬೀಳುತ್ತಾರೆ. ನಾನೂ ಬಿದ್ದಿದ್ದೇನೆ. ಒಂದು ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಎಷ್ಟು ಸಲ ತೆರೆಯುತ್ತದೆ? ಅದೂ ಕ್ರ್ಯಾಂಕಿನ ಎರಡು ಸುತ್ತಿಗೆ ಒಂದೇ ಸಲ. ಎಲ್ಲ ಸಿಲಿಂಡರುಗಳ ಹೊಗೆ ಕೂಡಿಸಿ ಒಯ್ಯುವ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಒಂದು ಸಿಲಿಂಡರಿನ ಹತ್ತಿರ ಬಿಟ್ಟಿದ್ದರೆ ಅಲ್ಲಿಂದ ಹೊಗೆ ಚಿಮ್ಮುವುದೂ ಅದೇ ಲೆಕ್ಕದಲ್ಲಿ. ಎಣಿಕೆಯಿಂದ ಇವೆರಡನ್ನೂ ಬೇರೆ ಮಾಡಲಾಗದು. ಸದ್ದು ಯಾವಾಗ ಬರುತ್ತದೆ ಅನ್ನುವುದರಿಂದ ಮಾಡಬಹುದು. ಟ್ಯಾಪೆಟ್ ಸಡಿಲವಾಗಿದ್ದರೆ ಬೆಟ್ಟ ಹತ್ತಿದರೂ ಇಳಿದರೂ ಅಷ್ಟೇ. ಪ್ಯಾಕಿಂಗ್ ಬಿಟ್ಟಿದ್ದರೆ ತಣ್ಣಗಿದ್ದಾಗ ಸಂದು ತೆರೆದಿರುತ್ತದೆ, ಲೋಹ ಕಾದು ಹಿಗ್ಗಿದಾಗ ಮುಚ್ಚಿಕೊಳ್ಳುತ್ತದೆ. ಭಾರ ಬಿದ್ದು ಒತ್ತಡ ಜಾಸ್ತಿಯಾದರೆ ಮುಚ್ಚಿದ ಸಂದಿನಿಂದಲೂ ನುಗ್ಗುತ್ತದೆ. ನಿಮ್ಮ ಬೆಟ್ಟದ ಕಥೆ ಇದಕ್ಕೇ ಹೊಂದುತ್ತದೆ.

ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ ಇದೆ. ಎಂಜಿನ್ ತಣ್ಣಗಿರಬೇಕು, ಆಫ್ ಆಗಿರಬೇಕು. ಒಂದನೇ ಸಿಲಿಂಡರಿಗೆ ಕಿಡಿ ಕೊಡುವ ಕಾಯಿಲ್ ಕನೆಕ್ಟರ್ ಮಾತ್ರ ಬಿಚ್ಚಿ, ಸ್ಟಾರ್ಟ್ ಮಾಡಿ, ಐದಾರು ಸೆಕೆಂಡ್ ಕೇಳಿ, ಆಫ್ ಮಾಡಿ. ಕನೆಕ್ಟರ್ ವಾಪಸ್ ಹಾಕಿ ಮುಂದಿನದು. ಜಾಸ್ತಿ ಹೊತ್ತು ಓಡಿಸಬೇಡಿ, ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಹಾಳು ಮಾಡುತ್ತದೆ. ಎಂಜಿನ್ ನಡುಗುತ್ತದೆ, ಚೆಕ್ ಲೈಟ್ ಮಿನುಗಬಹುದು, ಗಾಬರಿಯಾಗಬೇಡಿ. ಸಿಲಿಂಡರ್ ಉರಿಯದಿದ್ದರೂ ಟ್ಯಾಪೆಟ್ ತನ್ನ ಪಾಡಿಗೆ ಬಡಿಯುತ್ತಲೇ ಇರುತ್ತದೆ. ಆದರೆ ಹೊಗೆಯ ಒತ್ತಡ ಹೋಗುತ್ತದೆ. ಯಾವ ಸಿಲಿಂಡರ್ ತೆಗೆದಾಗ ಹಲ್ಲಿ ಬಾಯಿ ಮುಚ್ಚುತ್ತದೋ ಅಲ್ಲೇ ಪ್ಯಾಕಿಂಗ್ ಹೋಗಿದೆ.

ಕೆಜಿಎಫ್ ಡೀಸೆಲ್, ಶನಿವಾರ ರಾತ್ರಿ 9.10

ಆಯಿಲ್ ವಿಷಯದಲ್ಲಿ ಬೈಸಿಕೊಂಡೆ, ಇರಲಿ. ಇದನ್ನು ಮಾತ್ರ ಕೇಳಿ. ನಮ್ಮಪ್ಪ ಚಿನ್ನದ ಗಣಿಯಲ್ಲಿ ಫಿಟ್ಟರ್. 2001ರಲ್ಲಿ ಗಣಿ ಮುಚ್ಚುವ ತನಕ ಕೆಲಸ ಮಾಡಿದರು. ಪಂಪಿನ ಬೇರಿಂಗ್ ಕೇಳೋಕೆ ಕಬ್ಬಿಣದ ಸರಳಿನ ಒಂದು ತುದಿ ಪಂಪಿಗೆ, ಇನ್ನೊಂದು ತುದಿ ಕಿವಿ ಹತ್ತಿರದ ಮೂಳೆಗೆ ಇಡುತ್ತಿದ್ದರು. ಅದು ಲೋಹ ಬಡಿಯುವ ಸದ್ದಿಗೆ. ಗಾಳಿ ಸೋರುವ ಸದ್ದಿಗೆ ಸರಳು ಆಗುವುದಿಲ್ಲ, ಟೊಳ್ಳು ಪೈಪ್ ಬೇಕು.

ನಿಮ್ಮ ಕಡೆ ತೋಟಗಳಲ್ಲಿ ಡ್ರಿಪ್ ಪೈಪ್ ಬೇಕಾದಷ್ಟು ಬಿದ್ದಿರುತ್ತದೆ ಅಲ್ವಾ? ತೂತಿಲ್ಲದ ಒಂದು ಮೀಟರ್ ತುಂಡು ತಗೊಳ್ಳಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡ್ ಅಂಚಿನಲ್ಲಿ ತಾಗಿಸದೆ ನಿಧಾನ ಆಡಿಸಿ. ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಿರುಗುತ್ತದೆ, ಬೆಲ್ಟ್ ಬೇರೆ. ಅಂಗಿ ತೋಳು, ಕತ್ತಿನ ಟವೆಲ್ ಜೋಪಾನ.

ಗುಬ್ಬಿಗೇಟ್, ಭಾನುವಾರ ಬೆಳಗ್ಗೆ 8.50

ಸಿಕ್ಕಿತು!

ಆರೂವರೆಗೆ ಶುರು ಮಾಡಿದೆ. ತಮ್ಮ ಸ್ಟಿಯರಿಂಗ್ ಹತ್ತಿರ, ನಾನು ಬಾನೆಟ್ ಕೆಳಗೆ. ಒಂದನೇ ಕಾಯಿಲ್ ತೆಗೆದೆ, ಎಂಜಿನ್ ಗಡಗಡ ನಡುಗಿತು, ಹಲ್ಲಿ ಇತ್ತು. ಎರಡು, ಇತ್ತು. ಮೂರು, ಇತ್ತು. ನಾಲ್ಕನೆಯದು ತೆಗೆದು ಸ್ಟಾರ್ಟ್ ಮಾಡಿದಾಗ ನಡುಕ ಅಷ್ಟೇ ಇದೆ, ಟಿಕ್ ಮಾತ್ರ ಇಲ್ಲ. ತಮ್ಮ ಒಳಗಿಂದ "ನಿಂತೋಯ್ತು ಕಣೋ" ಎಂದು ಕೂಗಿದ. ಖಾತ್ರಿಗೆ ಕನೆಕ್ಟರ್ ಹಾಕಿ ಮತ್ತೆ ನೋಡಿದೆ. ಬಂತು.

ಆಮೇಲೆ ಡ್ರಿಪ್ ಪೈಪ್. ಮಾವನ ಅಡಿಕೆ ತೋಟದಿಂದ ತಂದದ್ದು ಮಾಳಿಗೆ ಮೇಲೆ ಬಿದ್ದಿತ್ತು. ಮೂರನೇ ಪೋರ್ಟ್ ಹತ್ತಿರ ಬರೀ ಗಾಳಿ. ನಾಲ್ಕರ ಕೆಳಗಿನ ಮೂಲೆಗೆ ಹೋದ ಕೂಡಲೇ ಯಾರೋ ಕಿವಿಯೊಳಗೆ ಪುಸ್ ಪುಸ್ ಅಂತ ಊದಿದ ಹಾಗಾಯಿತು. ದೂರದಿಂದ ಕೇಳಿದರೆ ಟಿಕ್, ಹತ್ತಿರ ಪುಸ್!

ಎಂಜಿನ್ ಆರಿದ ಮೇಲೆ ಮ್ಯಾನಿಫೋಲ್ಡ್ ಮುಂದಿನ ತಗಡು ಬಿಚ್ಚಿ ಟಾರ್ಚ್ ಬಿಟ್ಟೆ. ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವೆ ಅಲ್ಲಿ ಮಾತ್ರ ಬೆರಳಗಲ ಕರಿ ಮಸಿ. ನಟ್ಟು ಇರಬೇಕಾದ ಜಾಗ ಖಾಲಿ. ನಟ್ಟು ಕೂರುವ ಸ್ಟಡ್ ಮುರಿದು ಹೋಗಿದೆ.

ಹಳೇ ಸ್ಪಾನರ್, ಭಾನುವಾರ ಬೆಳಗ್ಗೆ 9.30

ಕೊನೆಯ ಸಿಲಿಂಡರಿನ ಸ್ಟಡ್ಡೇ ಮುರಿಯುವುದು ಜಾಸ್ತಿ. ಮ್ಯಾನಿಫೋಲ್ಡ್ ಕಾದಾಗ ಉದ್ದಕ್ಕೆ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ, ಎಳೆತವೆಲ್ಲ ತುದಿಯ ಸ್ಟಡ್ ಮೇಲೆ ಬೀಳುತ್ತದೆ.

ರಿಪೇರಿ ಆಗುವ ತನಕ ಒಂದು ಎಚ್ಚರ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ. ಬಾನೆಟ್ ಒಳಗಿನ ಗಾಳಿ ಎಸಿ ದಾರಿಯಲ್ಲಿ ಕ್ಯಾಬಿನ್ನಿಗೆ ಬರಬಹುದು. ಕಿಟಕಿ ಸ್ವಲ್ಪ ಇಳಿಸಿಕೊಂಡೇ ಓಡಿಸಿ, ಗಾಡಿ ಆನ್ ಮಾಡಿ ಒಳಗೆ ಮಲಗುವುದು ಬೇಡ. ತಲೆನೋವು ಬಂದರೆ ಕೂಡಲೇ ನಿಲ್ಲಿಸಿ ಹೊರಗೆ ಬನ್ನಿ.

ನಂದಿ ತಪ್ಪಲು, ಭಾನುವಾರ ಬೆಳಗ್ಗೆ 9.41

ಮೈಲೇಜ್ ಬಿದ್ದಿದೆಯಾ ಅಣ್ಣಾ?

ಗುಬ್ಬಿಗೇಟ್, ಭಾನುವಾರ ಬೆಳಗ್ಗೆ 9.50

ಹೌದು! 17 ಕೊಡುತ್ತಿದ್ದದ್ದು 15ಕ್ಕೆ ಇಳಿದಿತ್ತು. ಪೆಟ್ರೋಲ್ ಬಂಕ್‌ನವರ ಮೇಲೆ ಅನುಮಾನಪಟ್ಟಿದ್ದೆ.

ನಂದಿ ತಪ್ಪಲು, ಭಾನುವಾರ ಬೆಳಗ್ಗೆ 9.58

ಹೊಗೆ ಹೊರಗೆ ಚಿಮ್ಮುವ ಸಂದಿನಿಂದಲೇ ಮಧ್ಯೆ ಮಧ್ಯೆ ಹೊರಗಿನ ಗಾಳಿ ಒಳಗೂ ಹೋಗುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಡಿಮೆಯಾಯಿತು ಅಂದುಕೊಳ್ಳುತ್ತದೆ. ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ಬಂಕ್‌ನವರ ತಪ್ಪಲ್ಲ ಪಾಪ.

ಶಿರಾ ಕಡ್ಲೆಕಾಯಿ, ಭಾನುವಾರ ಬೆಳಗ್ಗೆ 10.15

ಎಂ-ಸೀಲ್ ಮೆತ್ತಿದರೆ ಆಗಲ್ವಾ? 30 ರೂಪಾಯಿ ಕೆಲಸ.

ಹಳೇ ಸ್ಪಾನರ್, ಭಾನುವಾರ ಬೆಳಗ್ಗೆ 10.22

ನಲ್ಲಿಗೆ ಮೆತ್ತು. ಇಲ್ಲಿನ ಶಾಖಕ್ಕೆ ಅದು ಸುಟ್ಟು ಉದುರುತ್ತದೆ.

ಗುಬ್ಬಿಗೇಟ್ ಅವರೇ, ಕೆಲಸ ಮಾಡುವವರಿಗೆ ಇಷ್ಟು ಹೇಳಿ. ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೆ ತುಕ್ಕು ಬಿಡಿಸುವ ಆಯಿಲ್ ಹೊಡೆದಿರಲಿ, ಇಲ್ಲದಿದ್ದರೆ ಇನ್ನೆರಡು ಸ್ಟಡ್ ಮುರಿಯುತ್ತವೆ. ಮುರಿದ ತುಂಡಿನ ಮೇಲೆ ನಟ್ಟಿಟ್ಟು ವೆಲ್ಡಿಂಗ್ ಮಾಡಿದರೆ ಆ ಶಾಖಕ್ಕೇ ತುಕ್ಕು ಬಿಡುತ್ತದೆ, ಸ್ಪಾನರ್ ಹಾಕಿ ತಿರುಗಿಸಿದರೆ ಬರುತ್ತದೆ. ಡ್ರಿಲ್ ಹಾಕುವುದು ಕಡೆಯ ದಾರಿ. ಹೆಡ್ ಅಲ್ಯೂಮಿನಿಯಂ, ಬಿಟ್ ಜಾರಿದರೆ ಥ್ರೆಡ್ ಹೋಯಿತು. ಮ್ಯಾನಿಫೋಲ್ಡ್ ಮುಖ ಸೊಟ್ಟಗಾಗಿದೆಯಾ ಅಂತ ನೇರ ಪಟ್ಟಿ ಇಟ್ಟು ನೋಡಲೇಬೇಕು. ಸೊಟ್ಟಗಿದ್ದರೆ ಲೇತ್‌ನಲ್ಲಿ ಮಟ್ಟ ಮಾಡಿಸಿ. ಹೊಸ ಪ್ಯಾಕಿಂಗ್, ನಟ್ಟುಗಳನ್ನು ಮಧ್ಯದಿಂದ ಹೊರಕ್ಕೆ ಬಿಗಿಯುತ್ತಾ ಹೋಗಬೇಕು. ಟಾರ್ಕ್ ರೆಂಚ್ ಇಲ್ಲದವರ ಹತ್ತಿರ ಕೊಡಬೇಡಿ.

ಗುಬ್ಬಿಗೇಟ್, ಬುಧವಾರ ರಾತ್ರಿ 8.05

ಕೆಲಸ ಮುಗಿಯಿತು. ಶಿರಾ ಗೇಟ್ ಕಡೆ ಒಬ್ಬರು ಸಿಕ್ಕರು. ನಾನು ಹೇಳಿದ್ದು ಕೇಳಿ ಮೊದಲು ನಕ್ಕರು. ಆಮೇಲೆ ಬ್ಲೋವರನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಹಿಡಿದು, ಮ್ಯಾನಿಫೋಲ್ಡ್ ಅಂಚಿಗೆ ಸೋಪು ನೀರು ಹೊಡೆದರು. ನಾಲ್ಕರ ಹತ್ತಿರ ಬೊಬ್ಬುಳಿ ಎದ್ದವು. ಮತ್ತೆ ನಗಲಿಲ್ಲ.

ಸ್ಟಡ್ ಮೊದಲ ವೆಲ್ಡಿಂಗ್‌ಗೆ ಬರಲಿಲ್ಲ, ನಟ್ಟು ಕಿತ್ತು ಬಂತು. ಎರಡನೆಯದಕ್ಕೆ ಕಿರ್ರ್ ಅಂತ ಒಂದು ಸದ್ದು ಮಾಡಿ ತಿರುಗಿತು. ನಾವಿಬ್ಬರೂ ಉಸಿರು ಬಿಗಿ ಹಿಡಿದು ನಿಂತಿದ್ದೆವು. ಮ್ಯಾನಿಫೋಲ್ಡ್ ಮುಖ ನಾಲ್ಕರ ಕಡೆ ಸ್ವಲ್ಪ ಸೊಟ್ಟಗಿತ್ತು, ಲೇತ್‌ಗೆ ಹೋಯಿತು. ಪ್ಯಾಕಿಂಗ್ 450, ಸ್ಟಡ್ಡು ನಟ್ಟು 300, ಲೇತ್ 400, ಕೂಲಿ 1,800. ಒಟ್ಟು 2,950.

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಹಲ್ಲಿ ಇಲ್ಲ. ಆದರೆ ಬಾನೆಟ್ ಎತ್ತಿ ಕಿವಿ ಹತ್ತಿರ ಇಟ್ಟರೆ ಸಣ್ಣಗೆ ಚಿಟ ಚಿಟ ಅಂತ ಬೇಗ ಬೇಗ ಕೇಳಿಸುತ್ತದೆ. ಇದೇನು ಸಾರ್?

ಹಳೇ ಸ್ಪಾನರ್, ಬುಧವಾರ ರಾತ್ರಿ 8.20

ಇಂಜೆಕ್ಟರ್. ಹೊಸ ಗಾಡಿಯಲ್ಲೂ ಇರುತ್ತದೆ. ಬಾನೆಟ್ ಮುಚ್ಚಿ, ಮನೆಗೆ ಹೋಗಿ ಊಟ ಮಾಡಿ.

ಬಟವಾಡಿ ಅಕ್ಕ, ಬುಧವಾರ ರಾತ್ರಿ 9.05

ನನ್ನದನ್ನು ಮರೆತೇಬಿಟ್ಟಿರಿ. ನಿಂತಲ್ಲಿ ರೇಸ್ ಕೊಟ್ಟರೆ ಬರುವುದಿಲ್ಲ. ಉರುಳಿದರೆ ಬರುತ್ತದೆ, ವೇಗ ಜಾಸ್ತಿಯಾದ ಹಾಗೆ ಟಿಕ್ಕೂ ಜಾಸ್ತಿ. ನ್ಯೂಟ್ರಲ್‌ಗೆ ಹಾಕಿದರೂ ನಿಲ್ಲುವುದಿಲ್ಲ.

ಹಳೇ ಸ್ಪಾನರ್, ಬುಧವಾರ ರಾತ್ರಿ 9.08

ಹಾಗಾದರೆ ಎಂಜಿನ್ ಅಲ್ಲ ಮೇಡಂ, ಚಕ್ರ. ಟೈರಿನ ಸಂದಿಯಲ್ಲಿ ಕಲ್ಲೋ ಮೊಳೆಯೋ ಇರುತ್ತದೆ, ಟಾರ್ಚ್ ಹಿಡಿದು ನೋಡಿ. ಮೊಳೆ ಇದ್ದರೆ ಕೀಳಬೇಡಿ, ಗಾಳಿ ನೋಡಿಕೊಂಡು ಹಾಗೇ ಪಂಕ್ಚರ್ ಅಂಗಡಿಗೆ ಓಡಿಸಿ.

ಬಟವಾಡಿ ಅಕ್ಕ, ಬುಧವಾರ ರಾತ್ರಿ 9.26

ಹಿಂದಿನ ಎಡ ಟೈರಿನಲ್ಲಿ ಮೊಳೆ. ನಿಮ್ಮ ಮಾತಿನ ಕೊನೆ ಓದುವಷ್ಟರಲ್ಲಿ ಕಿತ್ತಾಗಿತ್ತು ಸಾರ್. ಈಗ ಸ್ಟೆಪ್ನಿ ಇಳಿಸುತ್ತಿದ್ದೇನೆ.